ಕೊಳ್ಳಿಯಿಂದ ತೊಳೆಯುವ ಹಾಲಿನ ಬುರುಡೆ

ಹಾಲಿನ ಪಾತ್ರೆಯನ್ನು ತಿಕ್ಕಿ, ಮೂರು ಸಲ ನೀರು ಹಾಕಿ ತೊಳೆದು, ಬಿಸಿಲಿಗೆ ಬೋರಲು ಹಾಕದಿದ್ದರೆ ನಮ್ಮ ಮನೆಗಳಲ್ಲಿ ಸಮಾಧಾನವಿಲ್ಲ. ಕೆನ್ಯಾ, ಉತ್ತರ ತಾಂಜಾನಿಯಾ, ದಕ್ಷಿಣ ಇಥಿಯೋಪಿಯಾ, ಸೊಮಾಲಿಯಾಗಳ ದನಗಾಹಿ ಮತ್ತು ಒಂಟೆಗಾಹಿ ಜನ ಈ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತಾರೆ. ಉರಿಯುವ ಕೊಳ್ಳಿಯನ್ನು ಬುರುಡೆಯ, ಅಂದರೆ ಒಣಗಿದ ಸೋರೆಕಾಯಿಯಿಂದ ಮಾಡಿದ ಹಾಲಿನ ಪಾತ್ರೆಯ, ಹೊಟ್ಟೆಯೊಳಗೆ ತೂರಿಸಿ, ಗೋಡೆಗೆ ಉಜ್ಜಿ, ಹೊಗೆ ತುಂಬಿಸಿ, ಮಸಿ ಬಳಿದು ಅದರ ಮೇಲೆಯೇ ಹಾಲು ಸುರಿಯುತ್ತಾರೆ. ಕೇಳಿದರೆ ಕೊಳಕು ಮಾಡಿದಂತೆ ಕಾಣುತ್ತದೆ. ಆದರೆ ಆ ಪಾತ್ರೆಗಳ ಆಕಾರ, ಅವನ್ನು ಮಾಡುವ ವಸ್ತು, ಬಾಯಿಯ ಅಗಲ, ಮುಚ್ಚಳ ಎಲ್ಲವೂ ಅರ್ಥವಾಗಬೇಕಾದರೆ ಈ ಕೊಳ್ಳಿಯಿಂದಲೇ ಶುರು ಮಾಡಬೇಕು.

ಮೊದಲು ನೀರಿನ ಲೆಕ್ಕ. ಬೇಸಿಗೆಯಲ್ಲಿ ನೀರಿನ ತಾಣ ಹಟ್ಟಿಯಿಂದ ಹಲವು ಕಿಲೋಮೀಟರ್ ದೂರ. ಕತ್ತೆಯ ಮೇಲೆ 20 ಲೀಟರಿನ ಎರಡು ಕ್ಯಾನು ಹೇರಿ ತಂದರೆ 40 ಲೀಟರ್. ಕುಡಿಯುವುದು, ಅಡುಗೆ, ಹಟ್ಟಿಯಲ್ಲೇ ಉಳಿದ ಎಳೆಗರುಗಳು ಎಲ್ಲವೂ ಅದರಲ್ಲೇ ಆಗಬೇಕು. ಕೊರತೆಗಿಂತ ದೊಡ್ಡ ತೊಂದರೆ ಆ ನೀರಿನ ಗುಣ. ದನ, ಕತ್ತೆ, ಮೇಕೆ ಎಲ್ಲವೂ ಇಳಿದು ಕಲಕಿದ ಕುಂಟೆಯ ನೀರಿನಲ್ಲಿ ಪಾತ್ರೆ ತೊಳೆದರೆ, ತೊಳೆಯದೆ ಇಟ್ಟದ್ದಕ್ಕಿಂತ ಹೆಚ್ಚು ಸೂಕ್ಷ್ಮಜೀವಿಗಳನ್ನು ಒಳಗೆ ಬಿಟ್ಟಂತೆ. ತೊಳೆದ ಮೇಲೆ ಒಳಗೆ ಉಳಿಯುವ ತೇವ ಮತ್ತು ಹಾಲಿನ ತೆಳು ಪೊರೆ ಸೇರಿದರೆ ರಾತ್ರಿ ಬೆಳಗಾಗುವುದರೊಳಗೆ ನಾತ ಹಿಡಿಯುತ್ತದೆ. ಕೊಳ್ಳಿ ಮೊದಲು ಆ ತೇವವನ್ನೇ ಹೀರಿಹಾಕುತ್ತದೆ. ಈಗ ನೀರು ಹತ್ತಿರ ಇರುವ ಊರುಗಳಲ್ಲಿ ಬಿಸಿನೀರು ಹಾಕಿ ಕುಲುಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಕೊಳ್ಳಿ ಹಿಡಿಯುತ್ತಾರೆ. ಹಿಂದೆ ಕೆನ್ಯಾ, ತಾಂಜಾನಿಯಾಗಳ ದನಗಾಹಿ ಮಸಾಯಿಗಳು, ದಕ್ಷಿಣ ಸುಡಾನಿನ ನುಯೆರ್ ಜನರು ಹಸುವಿನ ಗಂಜಲದಲ್ಲೇ ಬುರುಡೆ ಗಲಬರಿಸುತ್ತಿದ್ದುದೂ ಉಂಟು.

ಬುರುಡೆ ಸಿದ್ಧವಾಗುವ ಬಗೆ

ಬುರುಡೆ ಎಂದರೆ ನಮ್ಮದೇ ಸೋರೆಕಾಯಿ. ಎಳೆಯದಿದ್ದಾಗ ಸಾಂಬಾರಿಗೆ, ಬಲಿತು ಒಣಗಿದರೆ ತಂಬೂರಿಗೆ, ಏಕತಾರಿಗೆ ಬರುವ ಆ ಬಳ್ಳಿಯ ಮೂಲವೇ ಆಫ್ರಿಕಾ. ಮಸಾಯಿಗಳ ಮಾ ಭಾಷೆಯಲ್ಲಿ ಹಾಲಿನ ಬುರುಡೆಗೆ ಎಂಕುಕುರಿ ಎನ್ನುತ್ತಾರೆ. ಪಶ್ಚಿಮ ಕೆನ್ಯಾದ ಕಲೆಂಜಿನ್ ಗುಂಪಿನ ನಂದಿ, ಕಿಪ್ಸಿಗಿಸ್ ಜನರಿಗೆ ಅದು ಸೊತೆತ್. ಮಗುವಿನ ಪಾಲಿನ ಅರ್ಧ ಲೀಟರಿನ ಬುರುಡೆಯಿಂದ ಐದಾರು ಲೀಟರಿನ ದೊಡ್ಡವರೆಗೆ ಮನೆಯಲ್ಲಿ ಹಲವು ಗಾತ್ರದವು ಇರುತ್ತವೆ. ಮಸಾಯಿಗಳು ಮೂಲತಃ ಬೇಸಾಯಗಾರರಲ್ಲ, ಕಾಯನ್ನು ಹೆಚ್ಚಾಗಿ ನೆರೆಯ ಒಕ್ಕಲುಗಳಿಂದ, ಸಂತೆಯಿಂದ ಕೊಳ್ಳುತ್ತಾರೆ. ಕಲೆಂಜಿನ್ನರು ಬೇಲಿಯ ಮೇಲೆ ತಾವೇ ಬಳ್ಳಿ ಹಬ್ಬಿಸುತ್ತಾರೆ.

ಆಕಾರ ಬಳ್ಳಿಯಲ್ಲಿರುವಾಗಲೇ ತೀರ್ಮಾನವಾಗುತ್ತದೆ. ಚಪ್ಪರದಿಂದಲೋ ಬೇಲಿಯಿಂದಲೋ ಜೋತುಬಿದ್ದ ಕಾಯಿಯ ಕತ್ತು ತನ್ನ ಭಾರಕ್ಕೆ ನೇರವಾಗಿ ಎಳೆದುಕೊಳ್ಳುತ್ತದೆ. ನೆಲದ ಮೇಲೆ ಮಲಗಿದ್ದು ಡೊಂಕಾಗುತ್ತದೆ, ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ಕೊಳ್ಳಿಯನ್ನು ತಳದವರೆಗೆ ಇಳಿಸಬೇಕಾದ್ದರಿಂದ ಹಾಲಿಗೆ ನೇರ ಕತ್ತಿನದ್ದೇ ಬೇಕು. ಕತ್ತು ಕಿರಿದಾಗಿರಬೇಕು, ಆದರೆ ಹೆಬ್ಬೆರಳು ಗಾತ್ರದ ಕೋಲು ಸಲೀಸಾಗಿ ಆಡುವಷ್ಟಿರಬೇಕು. ಕಿರಿದಾದ ಬಾಯಿಗೆ ನೊಣ, ಧೂಳು ಕಡಿಮೆ. ಹೆಗಲಿಗೆ ಹಾಕಿಕೊಂಡು ನಡೆದರೆ ತುಳುಕುವುದೂ ಕಡಿಮೆ.

ಕೊಯ್ಲಿಗೆ ಅವಸರ ಮಾಡಿದರೆ ಇಡೀ ಕೆಲಸ ಹಾಳು. ತೊಟ್ಟು ಕಂದಾಗಿ ಒಣಗಬೇಕು, ಉಗುರು ಒತ್ತಿದರೆ ಗೀರು ಬೀಳಬಾರದು. ಅರೆಬಲಿತ ಕಾಯಿಯ ಸಿಪ್ಪೆ ಒಣಗುವಾಗ ಸುಕ್ಕಾಗಿ ಕುಸಿಯುತ್ತದೆ. ಕುಸಿಯದಿದ್ದರೂ ಗೋಡೆ ತೆಳುವಾಗಿ, ಮೊದಲ ಕೊಳ್ಳಿಗೇ ಬಿರುಕು ಬಿಡುತ್ತದೆ. ಬಲಿತದ್ದನ್ನು ಎರಡು ರೀತಿ ಬಿಡಿಸುತ್ತಾರೆ. ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿ, ಒಳಗಿನ ಬೀಜ ಗಿಲಕಿಯಂತೆ ಸದ್ದು ಮಾಡಿದ ಮೇಲೆ ತಲೆ ಕತ್ತರಿಸುವುದು ಒಂದು. ಹಸಿ ಇರುವಾಗಲೇ ತಲೆ ಕತ್ತರಿಸಿ, ನೀರು ತುಂಬಿ, ತಿರುಳು ಕೊಳೆಯಲು ಬಿಡುವುದು ಇನ್ನೊಂದು. ಎರಡನೆಯದು ಬೇಗ ಆಗುತ್ತದೆ, ನಾತವೂ ಅಷ್ಟೇ. ತಿರುಳು ಕರಗಿದ ಮೇಲೆ ಬೀಜ ಸುರಿದು, ಹರಳುಕಲ್ಲು ಮತ್ತು ನೀರು ಹಾಕಿ ಜೋರಾಗಿ ಕುಲುಕಿದರೆ ಗೋಡೆಗೆ ಅಂಟಿದ ಪೊರೆ ಬಿಡುತ್ತದೆ. ಉದ್ದ ಕೋಲಿನಿಂದ ಕೆರೆದು ಉಳಿದದ್ದನ್ನು ತೆಗೆಯುತ್ತಾರೆ.

ಇಲ್ಲಿ ಮುಖ್ಯ ಸಂಗತಿ ಕಹಿ. ಗಟ್ಟಿ ಸಿಪ್ಪೆಯ ಸೋರೆ ತಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ತುಂಬಿರುತ್ತದೆ. ಅದು ಬರೀ ಕಹಿಯಲ್ಲ, ವಾಂತಿ ಭೇದಿ ಮಾಡಿಸುವಷ್ಟು ವಿಷ. ಆದ್ದರಿಂದ ನೀರು ತುಂಬಿ, ಒಂದೆರಡು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬುತ್ತ ಹೋಗಬೇಕು. ನೀರನ್ನು ನಾಲಿಗೆಗೆ ಸೋಕಿಸಿದರೆ ಕಹಿ ತಿಳಿಯದ ಮಟ್ಟಕ್ಕೆ ಬರುವ ತನಕ ಬುರುಡೆ ಹಾಲಿಗಲ್ಲ. ನೀರು ಉಳಿಸುವ ಪಾತ್ರೆ ತಾನು ಹುಟ್ಟುವಾಗ ಮಾತ್ರ ಧಾರಾಳವಾಗಿ ನೀರು ಕುಡಿಯುತ್ತದೆ.

ಆಮೇಲೆ ಮುಚ್ಚಳ. ತೊಗಲನ್ನು ನೆನೆಸಿ ಬಾಯಿಗೆ ಎಳೆದು ಕೂರಿಸಿ ಒಣಗಿಸಿದರೆ ಅದೇ ಅಳತೆಗೆ ಗಟ್ಟಿಯಾಗಿ ನಿಲ್ಲುತ್ತದೆ. ಕತ್ತರಿಸಿ ತೆಗೆದ ತಲೆಯನ್ನೇ ಟೊಪ್ಪಿಯಂತೆ ಹಾಕುವುದೂ ಇದೆ. ಹೊರಮೈಗೆ ಕೊಬ್ಬು ತಿಕ್ಕುತ್ತಾರೆ. ಹೊತ್ತೊಯ್ಯುವ ತೊಗಲ ಪಟ್ಟಿಗೆ ಮಸಾಯಿ ಹೆಂಗಸರು ಮಣಿ, ಕವಡೆ ಪೋಣಿಸುತ್ತಾರೆ.

ಬಿರುಕು ಬಿಟ್ಟರೆ ಎಸೆಯುವುದಿಲ್ಲ. ಬಿರುಕಿನ ಎರಡೂ ಬದಿಗೆ ದಬ್ಬಳದಿಂದ ಸಾಲಾಗಿ ತೂತು ಮಾಡಿ, ಸ್ನಾಯುರಜ್ಜಿನ ದಾರದಿಂದಲೋ ತೊಗಲ ಎಳೆಯಿಂದಲೋ ಬಿಗಿಯಾಗಿ ಹೊಲಿಯುತ್ತಾರೆ. ಬಿರುಕಿನ ತುದಿ ಎಲ್ಲಿ ನಿಂತಿದೆಯೋ ಅದಕ್ಕಿಂತ ಸ್ವಲ್ಪ ಮುಂದೆಯೂ ಒಂದು ಹೊಲಿಗೆ ಬೀಳಬೇಕು. ಇಲ್ಲದಿದ್ದರೆ ಮುಂದಿನ ಬಿಸಿಗೆ ಸೀಳು ಹರಿದುಕೊಂಡು ಹೋಗುತ್ತದೆ. ಹಳೆಯ ಬುರುಡೆಗಳಲ್ಲಿ ಇಂಥ ಎರಡು ಮೂರು ಹೊಲಿಗೆ ಸಾಲು ಕಾಣುವುದು ಸಾಮಾನ್ಯ.

ಕೊಳ್ಳಿ ಹಿಡಿಯುವುದು

ಮರದ ಆಯ್ಕೆಯಲ್ಲಿ ಯಾರೂ ರಾಜಿಯಾಗುವುದಿಲ್ಲ. ಮಸಾಯಿಗಳಿಗೆ ಒಲೊಯಿರಿಯೆನ್, ಅಂದರೆ ಕಾಡು ಆಲಿವ್, ಎಲ್ಲಕ್ಕಿಂತ ಮೇಲು. ಅದೇ ಮರ ಒರೊಮೊ ಭಾಷೆಯಲ್ಲಿ ಎಜೆರ್ಸಾ. ಆ ಭಾಷೆಯಾಡುವ, ಇಥಿಯೋಪಿಯಾದ ಬೋರನ ದನಗಾಹಿ ಜನರ ಹೆಂಗಸರೂ ಅದರ ಹೊಗೆಯನ್ನೇ ಬಯಸುತ್ತಾರೆ. ಕಲೆಂಜಿನ್ನರು ಸೆನೆತ್ವೆತ್ ಎಂಬ ಗಿಡವನ್ನು ಬಳಸುತ್ತಾರೆ. ಅದು ನಮ್ಮ ತಂಗಡಿ ಗಿಡದ ದಾಯಾದಿ, ಅಂಥದೇ ಹಳದಿ ಹೂವು. ನೀಲಗಿರಿಯಲ್ಲಿ ಕಾಡಿನಂತೆ ಹಬ್ಬಿರುವ ವಾಟಲ್ ಮರವನ್ನೂ ಈಗ ಕಲೆಂಜಿನ್ನರು ಉರಿಸುತ್ತಾರೆ. ಅದು ಆಸ್ಟ್ರೇಲಿಯಾದ್ದು, ವಸಾಹತು ಕಾಲದಲ್ಲಿ ಆಫ್ರಿಕಾಕ್ಕೆ ಬಂದದ್ದು. ಸಂಪ್ರದಾಯ ಎಂದು ನಾವು ಕರೆಯುವುದು ಎಷ್ಟು ಬೇಗ ಹೊಸದನ್ನು ಒಳಗೆ ಸೇರಿಸಿಕೊಳ್ಳುತ್ತದೆ ನೋಡಿ.

ಕೋಲು ಚೆನ್ನಾಗಿ ಒಣಗಿರಬೇಕು. ಹಸಿ ಕೋಲು ಡಾಂಬರಿನಂಥ ಹೊಗೆ ಬಿಡುತ್ತದೆ, ಹಾಲು ಕಹಿಯಾಗಿ ಗಂಟಲು ಕೆರೆಯುತ್ತದೆ. ಒಂದು ತುದಿಯನ್ನು ಒಲೆಯಲ್ಲಿಟ್ಟು ಕೆಂಡ ಕಟ್ಟಿದ ಮೇಲೆ ಜ್ವಾಲೆಯನ್ನು ಊದಿ ಆರಿಸಿ, ಒಣಗಿದ ಬುರುಡೆಯೊಳಗೆ ಇಳಿಸುತ್ತಾರೆ. ಕೋಲನ್ನು ಒಂದೇ ಕಡೆ ನಿಲ್ಲಿಸುವಂತಿಲ್ಲ. ಗೋಡೆಯ ಸುತ್ತ ತಿರುಗಿಸುತ್ತ ಉಜ್ಜುತ್ತಲೇ ಇರಬೇಕು, ನಿಂತ ಜಾಗ ಸುಟ್ಟು ತೂತಾಗುತ್ತದೆ. ಕೆಂಡ ಪುಡಿಯಾಗಿ ಒಳಗೆ ಉದುರುತ್ತದೆ. ಕೋಲು ತೆಗೆದು, ಬಾಯಿ ಮುಚ್ಚಿ, ಬುರುಡೆಯನ್ನು ಕುಲುಕಿದರೆ ಆ ಕೆಂಡದ ಚೂರು ಎಲ್ಲ ಮೂಲೆಗೂ ಉರುಳಿ, ಹೊಗೆ ಒಳಗೇ ನಿಲ್ಲುತ್ತದೆ. ಹೀಗೆ ಎರಡು ಮೂರು ಸಲ. ಗೋಡೆ ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು.

ಇದಾದ ಮೇಲೆ ಕಲೆಂಜಿನ್ನರ ಇನ್ನೊಂದು ಸಲಕರಣೆ ಬರುತ್ತದೆ: ಸೊಸಿಯೊತ್. ತಾಳೆ ಜಾತಿಯ ಗರಿಯ ದಂಟನ್ನು ಉದ್ದಕ್ಕೆ ಕಡಿದು, ಒಂದು ತುದಿಯನ್ನು ಜಜ್ಜಿ ನಾರು ಬಿಡಿಸಿದ ಕುಂಚ ಅದು. ಬೇವಿನ ಕಡ್ಡಿಯ ತುದಿ ಜಗಿದು ಹಲ್ಲುಜ್ಜುವಂಥದೇ ಉಪಾಯ, ಉದ್ದ ಮಾತ್ರ ಮೊಳದಷ್ಟು. ಇದರಿಂದ ಇದ್ದಿಲನ್ನು ಅರೆದು ಗೋಡೆಗೆಲ್ಲ ಸಮನಾಗಿ ಹಚ್ಚುತ್ತಾರೆ. ಹೆಚ್ಚಾದ ಪುಡಿಯನ್ನು ಬೋರಲು ಮಾಡಿ ತಟ್ಟಿ ಉದುರಿಸುತ್ತಾರೆ. ಉಳಿಯುವುದು ತೆಳುವಾದ ಬೂದುಗಪ್ಪು ಲೇಪ. ಬುರುಡೆ ಪೂರ್ತಿ ತಣ್ಣಗಾದ ಮೇಲೆ ಹಾಲು.

ಈ ಒಂದು ಕೆಲಸದಲ್ಲಿ ನಾಲ್ಕು ಕೆಲಸ ಆಗಿಹೋಗುತ್ತವೆ. ಬಿಸಿ ಗೋಡೆಯ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ತೇವ ಒಣಗಿಸುತ್ತದೆ. ಹೊಗೆಯಲ್ಲಿರುವ ಫೀನಾಲುಗಳು, ಆಮ್ಲಗಳು, ಫಾರ್ಮಾಲ್ಡಿಹೈಡಿನಂಥ ವಸ್ತುಗಳು ಗೋಡೆಗೆ ಹಿಡಿದು, ಆಮೇಲೆ ಬೆಳೆಯಲು ಬರುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ; ಮೀನು ಮಾಂಸವನ್ನು ಹೊಗೆಯಲ್ಲಿಟ್ಟರೆ ಕೆಡದಿರುವುದೂ ಇದೇ ಕಾರಣಕ್ಕೆ. ಬುರುಡೆಯ ಗೋಡೆ ಬೆಂಡಿನಂತೆ ಸಣ್ಣ ರಂಧ್ರಗಳಿಂದ ಕೂಡಿದ್ದು. ಇದ್ದಿಲ ಪುಡಿ ಆ ರಂಧ್ರಗಳಲ್ಲಿ ತುಂಬಿ ಮೈ ನುಣುಪು ಮಾಡುತ್ತದೆ. ಕೊನೆಯದಾಗಿ ಇದ್ದಿಲು ಹಳೆ ಹಾಲಿನ ವಾಸನೆಯನ್ನು ಹೀರುತ್ತದೆ. ಆದರೂ ಬುರುಡೆ ಆಸ್ಪತ್ರೆಯ ಸಲಕರಣೆಯಂತೆ ಕ್ರಿಮಿಶುದ್ಧವೇನೂ ಆಗುವುದಿಲ್ಲ. ಗೋಡೆಯ ಒಳಪದರದಲ್ಲಿ ಹುಳಿ ಹಿಡಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬದುಕಿ ಉಳಿಯುತ್ತವೆ, ಮತ್ತು ಹಾಗೆ ಉಳಿಯುವುದೇ ಒಳ್ಳೆಯದು. ನಾವು ನಿನ್ನೆಯ ಮಜ್ಜಿಗೆಯಿಂದ ಹೆಪ್ಪು ಹಾಕುತ್ತೇವೆ. ಅಲ್ಲಿ ಪಾತ್ರೆಯೇ ಹೆಪ್ಪು. ಮಸಾಯಿಗಳ ಹುಳಿಹಾಲು ಕುಲೆ ನಾಒತೊವನ್ನು ಪರೀಕ್ಷಿಸಿದಾಗ ಅದರಲ್ಲಿ ಮೇಲುಗೈ ಪಡೆದಿದ್ದ ಜೀವಿ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್. ಉಪ್ಪಿನಕಾಯಿಯಂಥ ಹುದುಗು ಪದಾರ್ಥಗಳಲ್ಲೂ ಸಿಗುವ ಜೀವಿ ಅದು.

ಮುರ್ಸಿಕ್, ಮತ್ತು ಕೆಡುವ ದಾರಿಗಳು

ಕಲೆಂಜಿನ್ನರ ಹುಳಿಹಾಲಿಗೆ ಮುರ್ಸಿಕ್ ಎಂದು ಹೆಸರು. ಒಲಿಂಪಿಕ್ಸ್, ಮ್ಯಾರಥಾನ್ ಗೆದ್ದು ಬಂದ ಕೆನ್ಯಾದ ಓಟಗಾರರಿಗೆ ವಿಮಾನ ನಿಲ್ದಾಣದಲ್ಲೇ ಬುರುಡೆ ಎತ್ತಿ ಕುಡಿಸುವುದು ಇದನ್ನೇ. ಈಗ ಹೆಚ್ಚಿನವರು ಹಾಲನ್ನು ಕಾಯಿಸಿ, ಪೂರ್ತಿ ಆರಿಸಿ ತುಂಬುತ್ತಾರೆ. ಬಿಸಿ ಇರುವಾಗಲೇ ಸುರಿದರೆ ಇದ್ದಿಲ ಲೇಪ ಹಾಳೆಯಂತೆ ಎದ್ದು ಚೂರಾಗಿ ತೇಲುತ್ತದೆ, ಗೋಡೆಯಲ್ಲಿದ್ದ ಹೆಪ್ಪಿನ ಜೀವಿಗಳೂ ಸಾಯುತ್ತವೆ. ಹಾಲು ಹುಳಿಯಾಗುವ ಬದಲು ಕೊಳೆಯುತ್ತದೆ. ತುಂಬಿ, ಮುಚ್ಚಳ ಬಿಗಿದು, ತಂಪಾದ ಕತ್ತಲ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಮೂರರಿಂದ ಐದು ದಿನಕ್ಕೆ ಕುಡಿಯಲು ಬರುತ್ತದೆ, ವಾರಗಟ್ಟಲೆ ಇಟ್ಟದ್ದಕ್ಕೆ ರುಚಿ ಹೆಚ್ಚು ಎನ್ನುವವರಿದ್ದಾರೆ. ಬಗ್ಗಿಸುವ ಮೊದಲು ಚೆನ್ನಾಗಿ ಕುಲುಕಬೇಕು. ಆಗ ಗಡ್ಡೆ ಒಡೆದು, ಇದ್ದಿಲು ಬೆರೆತು, ಹಾಲಿಗೆ ತಿಳಿ ನೀಲಿಬೂದು ಬಣ್ಣ ಬರುತ್ತದೆ. ಬಿಳಿಯಾಗೇ ಉಳಿದ ಮುರ್ಸಿಕ್ ಎಂದರೆ ಕೊಳ್ಳಿ ಹಿಡಿದವರು ಸೋಮಾರಿತನ ಮಾಡಿದ್ದಾರೆ ಎಂದರ್ಥ.

ಮುಚ್ಚಳ ಸಡಿಲವಾದರೆ ಮೇಲೆ ಬೂಸಲು ಕಟ್ಟುತ್ತದೆ. ತೇವ ಆರದ ಬುರುಡೆಗೆ ಕೊಳ್ಳಿ ಹಿಡಿದರೆ ಇದ್ದಿಲು ಕೆಸರಾಗಿ ಒಂದು ಕಡೆ ಮೆತ್ತಿಕೊಳ್ಳುತ್ತದೆ, ಇನ್ನೊಂದು ಕಡೆ ಬೋಳು. ಬಳಸದೆ ಮುಚ್ಚಿಟ್ಟ ಬುರುಡೆಗೆ ಹುಳ ಬೀಳುತ್ತದೆ; ಅದನ್ನು ಬಾಯಿ ತೆರೆದು, ಒಲೆಯ ಹೊಗೆ ತಾಗುವ ಎತ್ತರದಲ್ಲಿ ತೂಗುಹಾಕಬೇಕು.

ಕೆನ್ಯಾದ ಪಶ್ಚಿಮ ಪೊಕೋಟ್ ಸೀಮೆಯಲ್ಲಿ ಇದರ ಇನ್ನೊಂದು ರೂಪವಿದೆ. ಅಲ್ಲಿ ಕ್ರೊಮ್ವೊ ಎಂಬ ಮರದ ಬೂದಿಯನ್ನು ಹಾಲಿಗೇ ಬೆರೆಸುತ್ತಾರೆ. ಬುರುಡೆಯ ಹಾಲು ಒಡೆದು ಗಟ್ಟಿಯಾದ ಮೇಲೆ, ಮೂರು ದಿನಕ್ಕೆ, ತಿಳಿನೀರಿನ ಒಂದು ಪಾಲನ್ನು ಬಸಿದು ಅಷ್ಟೇ ಹೊಸ ಹಾಲು ತುಂಬುತ್ತಾರೆ. ಬುರುಡೆ ಗಟ್ಟಿಯಿಂದಲೇ ತುಂಬುವವರೆಗೆ ಹೀಗೆ ನಡೆಯುತ್ತದೆ, ನಡುನಡುವೆ ಕುಲುಕುತ್ತಿರುತ್ತಾರೆ. ನಮ್ಮ ಬಟ್ಟೆಗಂಟಿನ ಗಟ್ಟಿ ಮೊಸರಿನ ಹಾಗೆ, ಬಟ್ಟೆ ಮಾತ್ರ ಇಲ್ಲ. ಬೆಣ್ಣೆಗೂ ಈ ಸೀಮೆಯಲ್ಲೆಲ್ಲ ಕಡೆಗೋಲಿಲ್ಲ. ಬುರುಡೆಯನ್ನೇ ತೊಡೆಯ ಮೇಲಿಟ್ಟೋ ತೂಗುಹಾಕಿಯೋ ಹಿಂದೆ ಮುಂದೆ ಆಡಿಸುತ್ತಾರೆ.

ಆರೋಗ್ಯದ ವಿಷಯದಲ್ಲಿ ಎರಡು ಮಾತು ಬಿಡುವಂತಿಲ್ಲ. ಹುಳಿಯಾದ ಮಾತ್ರಕ್ಕೆ ಹಸಿ ಹಾಲಿನ ಬ್ರುಸೆಲ್ಲಾ ರೋಗಾಣು ಸಾಯುತ್ತದೆ ಎಂದು ನಂಬುವಂತಿಲ್ಲ. ಹೊಗೆ ಪಾತ್ರೆಯನ್ನು ಕಾಯುತ್ತದೆ, ರೋಗವಿರುವ ಹಸುವಿನ ಹಾಲನ್ನಲ್ಲ. ಕಾಯಿಸಿ ತುಂಬುವ ಹೊಸ ಪದ್ಧತಿ ಇದಕ್ಕೆ ಸರಿಯಾದ ಉತ್ತರ. ಎರಡನೆಯದು, ಮುರ್ಸಿಕ್‌ನಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ಚಿಂತೆಪಡುವ ಮಟ್ಟದಲ್ಲಿರುವುದು ಪರೀಕ್ಷೆಗಳಲ್ಲಿ ಕಂಡಿದೆ, ಇದ್ದಿಲಿನ ಹೈಡ್ರೋಕಾರ್ಬನ್ನುಗಳ ಬಗ್ಗೆಯೂ ಅನುಮಾನವಿದೆ. ಪಶ್ಚಿಮ ಕೆನ್ಯಾದಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚು. ಅಲ್ಲಿ ಸುಡುಸುಡುವ ಚಹಾ, ಮದ್ಯ, ತಂಬಾಕು ಕೂಡ ಇರುವುದರಿಂದ ಬುರುಡೆಯೊಂದರ ಮೇಲೆ ಅಪವಾದ ಹೊರಿಸಲಾಗದು. ಆದರೆ ಹೊಗೆಯಲ್ಲಿ ಬರೀ ಅಮೃತವೇ ಇದೆ ಎಂದು ಹಾಡಿ ಹೊಗಳುವವರು ಇದನ್ನೂ ಹೇಳಬೇಕು.

ಸೋರೆ ಬೆಳೆಯದ ಸೀಮೆಯಲ್ಲಿ

ಉತ್ತರಕ್ಕೆ ಹೋದಂತೆ ಮಳೆ ಕಡಿಮೆ, ಸೋರೆ ಬಳ್ಳಿ ಅಪರೂಪ, ಮೇಲಾಗಿ ಒಂಟೆಯ ಬೆನ್ನಿನ ಕುಲುಕಾಟಕ್ಕೆ ಬುರುಡೆ ಒಡೆಯುತ್ತದೆ. ಅಲ್ಲಿ ಪಾತ್ರೆಯನ್ನು ಹೆಣೆಯುತ್ತಾರೆ. ಬೋರನ ಹೆಂಗಸರು ಎರ್ಗಮ್ಸಾ ಎಂಬ ಬಳ್ಳಿಯ ಬೇರಿನ ನಾರಿನಿಂದ ಗೊರ್ಫಾ ಎಂಬ ಹಾಲಿನ ಕೊಡ ಮಾಡುತ್ತಾರೆ. ಆ ಬಳ್ಳಿ ನಮ್ಮ ಹಲವು ಮಕ್ಕಳ ತಾಯಿ ಬೇರಿನ, ಅಂದರೆ ಶತಾವರಿಯ, ಕುಲದ್ದು. ಹೆಣಿಗೆ ನೇಯ್ಗೆಯಲ್ಲ, ಸುರುಳಿ ಹೊಲಿಗೆ: ನಾರಿನ ಹುರಿಯನ್ನು ತಳದ ನಡುವಿನಿಂದ ಸುತ್ತುತ್ತ, ಪ್ರತಿ ಸುತ್ತನ್ನೂ ಕೆಳಗಿನ ಸುತ್ತಿಗೆ ದಬ್ಬಳದಿಂದ ಹೊಲಿಯುತ್ತ ಮೇಲೇರುವುದು. ಹೊಲಿಗೆ ಒತ್ತಾಗಿದ್ದಷ್ಟೂ ಕೊಡ ಸೋರುವುದಿಲ್ಲ. ಹಾಲು ತಾಗಿದಾಗ ನಾರು ಉಬ್ಬಿ ಸಂದು ಮುಚ್ಚುತ್ತದೆ, ಹೊಗೆಯ ಮಸಿ ಮತ್ತು ಹಾಲಿನ ಕೊಬ್ಬು ಉಳಿದದ್ದನ್ನು ತುಂಬುತ್ತವೆ. ಹಾಗಾಗಿ ಹೊಸ ಕೊಡ ಮೊದಮೊದಲು ಬೆವರುತ್ತದೆ, ಹಳೆಯದು ಬೆವರುವುದಿಲ್ಲ. ಬಹುಕಾಲ ಬಳಸದೆ ಒಣಗಿಸಿದರೆ ನಾರು ಕುಗ್ಗಿ ಮತ್ತೆ ಸೋರುತ್ತದೆ. ಒಂದು ಕೊಡಕ್ಕೆ ತಿಂಗಳುಗಳ ಬಿಡುವೇಳೆ ಬೇಕು.

ಸೊಮಾಲಿಗಳಲ್ಲಿ ದೊಡ್ಡ ಕೊಡಕ್ಕೆ ಹಾನ್, ಹಾಲು ಇಡುವ ಚಿಕ್ಕದಕ್ಕೆ ಧೀಲ್, ಹಾಲು ಕರೆಯುವ ಪಾತ್ರೆಗೆ ಗೊರೊಫ್ ಎಂದು ಬೇರೆಬೇರೆ ಹೆಸರು. ಕರೆಯುವ ಪಾತ್ರೆಯ ಬಾಯಿ ಅಗಲವಾಗಿರಲೇಬೇಕು, ಏಕೆಂದರೆ ಒಂಟೆಯನ್ನು ಕರೆಯುವವರು ನಿಂತೇ ಕರೆಯುತ್ತಾರೆ: ಒಂದು ಕಾಲು ಮಡಚಿ ಇನ್ನೊಂದು ಮೊಣಕಾಲಿಗೆ ಊರಿ, ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು. ತುಳುಕದಂತೆ ಸಾಗಿಸುವುದು ಕಿರಿಬಾಯಿಯ ಕೊಡದ ಪಾಲಿಗೆ.

ಉತ್ತರ ಕೆನ್ಯಾದ ತುರ್ಕಾನಾ ಸರೋವರದ ಸುತ್ತಲಿನ ಜನ ಮರ ಕೊರೆಯುತ್ತಾರೆ. ಗುಗ್ಗುಳದ ಕುಲದ ಮೆದು ಮರಗಳು ಹಗುರ, ಹಸಿಯಿದ್ದಾಗ ಕೆತ್ತಲು ಸುಲಭ. ಆದರೆ ಹಸಿ ಮರ ಬಿಸಿಲಿನಲ್ಲಿ ಒಣಗಿದರೆ ಸೀಳುತ್ತದೆ; ಆದ್ದರಿಂದ ನೆರಳಿನಲ್ಲಿಟ್ಟು, ಆಗಾಗ ಕೊಬ್ಬು ಹಚ್ಚುತ್ತ ನಿಧಾನ ಒಣಗಿಸುತ್ತಾರೆ.

ತೊಗಲಿನ ಪಾತ್ರೆಗೆ ಬೋರನರಲ್ಲಿ ಒಕೊಲೆ ಎಂದು ಹೆಸರು. ದಕ್ಷಿಣ ಇಥಿಯೋಪಿಯಾದ ತುಲಾ ಎಂಬ ಆಳವಾದ ಬಾವಿಗಳಲ್ಲಿ ಮೆಟ್ಟಿಲಿನಂತೆ ಒಬ್ಬರ ಮೇಲೊಬ್ಬರು ನಿಂತ ಗಂಡಸರು ಹಾಡಿನ ಲಯಕ್ಕೆ ಕೈಯಿಂದ ಕೈಗೆ ನೀರೆಸೆಯುವುದು ಇದರಲ್ಲೇ. ತುಂಬಿದ್ದು ಮೇಲೆ ಹೋಗುವಾಗ ಬರಿದಾದದ್ದು ಕೆಳಗೆ ಬರುತ್ತಿರುತ್ತದೆ. ಲಯ ತಪ್ಪಿದರೆ ಎರಡೂ ಡಿಕ್ಕಿ. ಹಿಂದೆ ಇದಕ್ಕೆ ಜಿರಾಫೆಯ ತೊಗಲು ಶ್ರೇಷ್ಠ: ದಪ್ಪ, ಒಣಗಿದರೆ ಹಲಗೆಯಂತೆ ಬಿರುಸು. ಗಡಿಯಾಚೆಯ ಕೆನ್ಯಾ 1977ರಲ್ಲಿ ಬೇಟೆ ನಿಷೇಧಿಸಿತು. ಈಗ ದನದ, ಒಂಟೆಯ ತೊಗಲಿನ ಜತೆಗೆ ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನುಗಳೂ ಬಾವಿಗಿಳಿಯುತ್ತವೆ.

ಕ್ಯಾನು ಬಂದ ಮೇಲೆ

ಅಡುಗೆ ಎಣ್ಣೆಯ ಹಳದಿ ಕ್ಯಾನು ಒಡೆಯುವುದಿಲ್ಲ, ಅಗ್ಗ, ಬಸ್ಸಿನ ಮೇಲೆ ಸಾಲಾಗಿ ಕಟ್ಟಬಹುದು. ಕೆನ್ಯಾದ ಇಸಿಯೊಲೊದಿಂದ ನೈರೋಬಿಯ ಈಸ್ಟ್‌ಲೀ ಪೇಟೆಗೆ ಒಂಟೆ ಹಾಲು ಹೋಗುವುದು ಇಂಥವುಗಳಲ್ಲೇ. ವ್ಯಾಪಾರ ಬಹುತೇಕ ಹೆಂಗಸರ ಕೈಯಲ್ಲಿದೆ. ಆದರೆ ಕ್ಯಾನಿನ ಬಾಯಿಗೆ ಕೈ ಹೋಗದು, ಹಿಡಿಕೆಯ ಟೊಳ್ಳಿಗೆ ಕುಂಚ ಹೋಗದು. ಮರಳು ಹಾಕಿ ಕುಲುಕಿ ತೊಳೆದರೆ ಒಳಮೈಗೆ ಗೀರು ಬಿದ್ದು, ಆ ಗೀರಿನಲ್ಲಿ ಹಾಲಿನ ಪೊರೆ ಕೂರುತ್ತದೆ. ಕೆಂಡ ಹಾಕಿದರೆ ಕ್ಯಾನು ಕರಗುತ್ತದೆ. ಆದರೂ ಹೊಗೆ ಬಿಡಲಾರದೆ, ಹೊಗೆಯಾಡುವ ಕಡ್ಡಿಗಳ ಮೇಲೆ ಕ್ಯಾನನ್ನು ಬೋರಲು ಹಿಡಿದು ತುಂಬಿಸುತ್ತಾರೆ. ಹೊಗೆಯೇನೋ ಹಿಡಿಯುತ್ತದೆ, ಗೋಡೆ ಬಿಸಿಯಾಗುವುದಿಲ್ಲ, ಇದ್ದಿಲ ಲೇಪ ನಿಲ್ಲುವುದಿಲ್ಲ. ನಾಲ್ಕು ಕೆಲಸದಲ್ಲಿ ಒಂದು ಮಾತ್ರ ಆಗುತ್ತದೆ.

ಈ ಕೊರತೆ ಕಂಡುಕೊಂಡು ಮಾಡಿದ ಮಾಜಿ (Mazzi) ಎಂಬ 10 ಲೀಟರಿನ ಕ್ಯಾನು ಕೆನ್ಯಾದಲ್ಲಿ ಸಿಗುತ್ತದೆ. ಅದರ ಬಾಯಿ ಕೈ ತೂರುವಷ್ಟು ಅಗಲ, ಒಳಗೆ ಮೂಲೆಗಳಿಲ್ಲ. ಕರೆಯುವಾಗ ಇಡುವ ಆಲಿಕೆ ಕಪ್ಪು ಬಣ್ಣದ್ದು. ಕೆಚ್ಚಲುಬಾವು ಇದ್ದರೆ ಹಾಲಿನ ಗಂಟು ಅದರ ಮೇಲೆ ಬಿಳಿಯಾಗಿ ಎದ್ದು ಕಾಣುತ್ತದೆ. ತೊಳೆಯಲು ಒಳ್ಳೆಯ ನೀರು ಸಿಗುವ ಕಡೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.